ದಾಳಿಂಬೆ ನಾಡಲ್ಲಿ ಸೇಬು, ಸೇಬಿನ ನಾಡಲ್ಲಿ ದಾಳಿಂಬೆ: ಎರಡೂ ಹೇಗೆ ನಿಜ?

ಕೆಲವು ವರ್ಷಗಳಿಂದ ಎರಡು ಥರದ ಸುದ್ದಿ ಜೊತೆಜೊತೆಗೇ ಬರ್ತಾ ಇದೆ. ಒಂದು ನಮ್ಮ ಕಡೆದು: ಬಾಗಲಕೋಟೆ, ಚಿತ್ರದುರ್ಗದಂಥ ಬಿಸಿಲು ಸೀಮೆಯಲ್ಲಿ ರೈತರು ಸೇಬು ಬೆಳೆದಿದಾರೆ, ಗಿಡದ ತುಂಬಾ ಹಣ್ಣು, ಸುತ್ತಮುತ್ತಲ ಊರಿನವರು ನೋಡೋಕೆ ಬರ್ತಿದಾರೆ ಅನ್ನೋದು. ಇನ್ನೊಂದು ಹಿಮಾಲಯದ ಕಡೆದು: ಚಳಿಗಾಲ ಬೆಚ್ಚಗಾಗ್ತಿದೆ, ಹಿಮ ಸರಿಯಾಗಿ ಬೀಳ್ತಿಲ್ಲ, ಸೇಬು ಕೈಕೊಡ್ತಿದೆ, ಹಿಮಾಚಲದ ಕುಲ್ಲು ಕಣಿವೆಯ ತಗ್ಗಿನ ಊರುಗಳಲ್ಲಿ ಸೇಬಿನ ಮರ ಕಿತ್ತು ದಾಳಿಂಬೆ ಹಾಕ್ಕೊಂಡಿದಾರೆ ಅನ್ನೋದು.

ಎರಡನ್ನೂ ಓದಿದೋರಿಗೆ ತಲೆ ಕೆಡೋದು ಸಹಜ. 40 ಡಿಗ್ರಿ ಬಿಸಿಲಿನ ಊರಲ್ಲಿ ಸೇಬು ಬಿಡುತ್ತೆ ಅಂದ್ರೆ, ಹಿಮಾಲಯದಲ್ಲಿ ಒಂದೆರಡು ಡಿಗ್ರಿ ಏರಿದ್ದಕ್ಕೆ ಬಿಡಲ್ಲ ಅಂದ್ರೆ ಏನರ್ಥ? ಇದನ್ನೇ ಹಿಡ್ಕೊಂಡು ಒಂದಿಷ್ಟು ಜನ ಹವಾಮಾನ ಬದಲಾವಣೆ ಅನ್ನೋದೇ ಕಟ್ಟುಕಥೆ ಅಂತಾರೆ, ಇನ್ನೊಂದಿಷ್ಟು ಜನ ಇನ್ಮೇಲೆ ನಮ್ಮ ಬಯಲುಸೀಮೆನೇ ಕಾಶ್ಮೀರ, ಸಾಲ ಮಾಡಿಯಾದ್ರೂ ಸಸಿ ಹಾಕಿ ಅಂತಾರೆ. ಎರಡೂ ತಪ್ಪು, ಅದ್ರಲ್ಲೂ ಎರಡನೇದನ್ನ ನಂಬಿದ ರೈತನ ಜೇಬಿಗೆ ಕತ್ತರಿ ಬೀಳುತ್ತೆ. ಸುದ್ದಿ ಎರಡೂ ನಿಜವೇ, ಒಂದಕ್ಕೊಂದು ವಿರುದ್ಧ ಏನಿಲ್ಲ, ಆದ್ರೆ ಅದು ತಿಳೀಬೇಕಂದ್ರೆ ಸೇಬಿನ ಮರ ಚಳಿಗಾಲದಲ್ಲಿ ಏನ್ ಮಾಡುತ್ತೆ ಅನ್ನೋದ್ರಿಂದ ಶುರು ಮಾಡ್ಬೇಕು.

ಮರ ಚಳಿಯ ಲೆಕ್ಕ ಇಡುತ್ತೆ

ಸೇಬಿನ ತವರು ಮಧ್ಯ ಏಷ್ಯಾದ ತಿಯಾನ್‌ಶಾನ್ ಬೆಟ್ಟಗಳು, ಈಗಿನ ಕಜಕಿಸ್ತಾನದ ಕಡೆ. ಅಲ್ಲಿಯ ಚಳಿಗಾಲ ಗಿಡಮರ ಕೊಲ್ಲೋ ಅಂಥದ್ದು. ಜನವರಿಯಲ್ಲಿ ನಾಲ್ಕು ದಿನ ಒಳ್ಳೆ ಬಿಸಿಲು ಬಂತು ಅಂತ ಮರ ಮೋಸ ಹೋಗಿ ಚಿಗುರಿಬಿಟ್ರೆ ಫೆಬ್ರವರಿಯಲ್ಲಿ ಸುಟ್ಟು ಹೋಗುತ್ತೆ. ಅದಕ್ಕೇ ಎಲೆ ಉದುರಿಸಿದ ಮೇಲೆ ಮೊಗ್ಗು ಗಾಢ ನಿದ್ದೆಗೆ ಹೋಗುತ್ತೆ, ಎಂಥಾ ನಿದ್ದೆ ಅಂದ್ರೆ ಡಿಸೆಂಬರ್‌ನಲ್ಲಿ ಒಂದು ರೆಂಬೆ ಕಡಿದು ಬೆಚ್ಚಗಿರೋ ರೂಮಲ್ಲಿ ನೀರಲ್ಲಿ ಇಟ್ರೂ ಮೊಗ್ಗು ಒಡೆಯಲ್ಲ. ಇಂತಿಷ್ಟು ಚಳಿ ಕಂಡ ಮೇಲೇನೇ ಆ ಬೀಗ ತೆಗೆಯೋದು.

ಈ ‘ಇಂತಿಷ್ಟು’ ಅನ್ನೋದನ್ನ ಅಳೆಯೋಕೆ ಇರೋ ಹಳೇ ಲೆಕ್ಕ ಚಿಲ್ಲಿಂಗ್ ಅವರ್. ಸುಮಾರು 7 ಡಿಗ್ರಿಗಿಂತ ಕೆಳಗೆ ಎಷ್ಟು ಗಂಟೆ ಕಳೀತು ಅಂತ ಕೂಡಿಸ್ತಾ ಹೋಗೋದು. ನಾವು ಅಂಗಡಿಯಲ್ಲಿ ‘ಶಿಮ್ಲಾ ಆಪಲ್’ ಅಂತ ಕೇಳಿ ತಗೋತೀವಲ್ಲ, ಅದರಲ್ಲಿ ಹೆಚ್ಚಿನದು ರಾಯಲ್ ಡೆಲಿಷಿಯಸ್ ಅನ್ನೋ ತಳಿ, ಅದಕ್ಕೆ 1000ದಿಂದ 1200 ಗಂಟೆ ಅಥವಾ ಇನ್ನೂ ಜಾಸ್ತಿ ಬೇಕು. 1200 ಗಂಟೆ ಅಂದ್ರೆ ಹಗಲು ರಾತ್ರಿ ಸೇರಿಸಿ ಪೂರಾ 50 ದಿನ. ನಿಜವಾಗಿ ಹಗಲು ಹೊತ್ತು ಬೆಚ್ಚಗಾಗೋದ್ರಿಂದ ಇದು ತುಂಬೋಕೆ ನವೆಂಬರ್‌ನಿಂದ ಫೆಬ್ರವರಿ ತನಕ ಬೇಕಾಗುತ್ತೆ.

ಇಲ್ಲಿ ಎರಡು ವಿಷ್ಯ ಜನ ತಪ್ಪು ತಿಳ್ಕೊಂಡಿರೋದು. ಒಂದು, ಚಳಿ ಜಾಸ್ತಿ ಆದಷ್ಟೂ ಲೆಕ್ಕ ಬೇಗ ತುಂಬಲ್ಲ. ಸೊನ್ನೆಗಿಂತ ಕೆಳಗಿನ ಕೊರೆಯೋ ಚಳಿಯಿಂದ ಮರಕ್ಕೆ ಹೆಚ್ಚೇನೂ ಸಿಗಲ್ಲ, ಕೆಲಸ ಮಾಡೋದು ಸೊನ್ನೆಯಿಂದ ಏಳೆಂಟು ಡಿಗ್ರಿ ನಡುವಿನ ಚಳಿ. ಅಷ್ಟೇ ಅಲ್ಲ, ಮಧ್ಯಾಹ್ನ 16-18 ಡಿಗ್ರಿ ದಾಟಿದ್ರೆ ರಾತ್ರಿ ಕೂಡಿಸಿದ್ದರಲ್ಲಿ ಒಂದಿಷ್ಟು ಕಳೆದೂ ಹೋಗುತ್ತೆ, ಅದಕ್ಕೇ ಈಗಿನ ವಿಜ್ಞಾನಿಗಳು ಬರೀ ಗಂಟೆ ಎಣಿಸೋದು ಬಿಟ್ಟು ಈ ಕೂಡಿ ಕಳೆಯೋ ಲೆಕ್ಕ ಹಾಕೋ ಮಾದರಿಗಳನ್ನ ಬಳಸ್ತಾರೆ. ಎರಡನೇದು, ಹಿಮ ಬೇರೆ ಚಳಿ ಬೇರೆ. ಹಿಮ ಬೀಳದೇನೂ ಚಿಲ್ಲಿಂಗ್ ತುಂಬಬಹುದು. ಹಿಮದಿಂದ ಆಗೋ ಮುಖ್ಯ ಉಪಕಾರ ತೇವದ್ದು, ನಿಧಾನಕ್ಕೆ ಕರಗಿ ಬೇರಿನ ತನಕ ಇಳಿಯುತ್ತೆ, ಅದಕ್ಕೇ ಹಿಮಾಚಲದ ಬೆಳೆಗಾರರು ಅದನ್ನ ಬಿಳಿ ಗೊಬ್ಬರ ಅಂತ ಕರೆಯೋದು. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಇಳಿಜಾರುಗಳು ಹಿಮ ಇಲ್ಲದೆ ಬರೀ ಕಂದು ಹುಲ್ಲಾಗಿ ಕಂಡಾಗ ತೋಟದವರು ಗಾಬರಿ ಬಿದ್ದಿದ್ದು ಈ ನೀರಿನ ಲೆಕ್ಕಕ್ಕೂ ಸೇರಿ.

ಚಳಿ ಸಾಲದಿದ್ರೆ ಮರ ಸಾಯಲ್ಲ. ಸತ್ತಿದ್ರೆ ರೈತ ಬೇಗ ತೀರ್ಮಾನ ಮಾಡ್ತಿದ್ದ ಅನ್ಸುತ್ತೆ. ಆಗೋದೇನಂದ್ರೆ ರೆಂಬೆಯ ತುದಿಯ ಮೊಗ್ಗು ಒಡೆಯುತ್ತೆ, ನಡುವಿನದು ಹಾಗೇ ಕಣ್ಣು ಮುಚ್ಕೊಂಡಿರುತ್ತೆ, ಹತ್ತು ಹದಿನೈದು ದಿನದಲ್ಲಿ ಒಟ್ಟಿಗೆ ಬಂದು ಹೋಗ್ಬೇಕಾದ ಹೂ ತಿಂಗಳುಗಟ್ಟಲೆ ಅಷ್ಟಷ್ಟೇ ಬರುತ್ತೆ. ಕಾಫಿ ತೋಟದವರಿಗೆ ಇದು ತಕ್ಷಣ ಅರ್ಥ ಆಗುತ್ತೆ, ಹೂಮಳೆ ಸರಿಯಾಗಿ ಆಗದ ವರ್ಷ ಹೂ ಕಂತಿನಲ್ಲಿ ಬಂದು ಕೊನೆಗೆ ಒಂದೇ ಗಿಡದಲ್ಲಿ ಹಣ್ಣೂ ಹಸಿರುಕಾಯೀನೂ ಕೂತಿರುತ್ತಲ್ಲ, ಹಾಗೆ. ಸೇಬಿಗೆ ಇನ್ನೊಂದು ತೊಂದ್ರೆನೂ ಇದೆ. ರಾಯಲ್ ಹೂವಿಗೆ ರಾಯಲ್‌ನದೇ ಪರಾಗ ಆಗಲ್ಲ, ಗೋಲ್ಡನ್ ಡೆಲಿಷಿಯಸ್ ಅಥವಾ ರೆಡ್ ಗೋಲ್ಡ್‌ನಂಥ ಬೇರೆ ತಳಿಯ ಮರ ಪಕ್ಕದಲ್ಲಿ ಅದೇ ಹೊತ್ತಿಗೆ ಅರಳಬೇಕು, ಜೇನು ಹಾರಬೇಕು. ಎರಡು ತಳಿಗೂ ಚಳಿಯ ಲೆಕ್ಕ ಬೇರೆಬೇರೆ ಆಗಿರೋದ್ರಿಂದ ಚಳಿ ಏರುಪೇರಾದ ವರ್ಷ ಇದು ಅರಳೋ ಹೊತ್ತಿಗೆ ಅದು ಉದುರಿರುತ್ತೆ. ಬಾಡಿಗೆಗೆ ತಂದ ಜೇನು ಪೆಟ್ಟಿಗೆ ಸುಮ್ನೆ ತೋಟದಲ್ಲಿ ಕೂತಿರುತ್ತೆ.

ಭೂಮಿ ಬಿಸಿಯಾದ್ರೆ ಹೂ ಚಳಿಗೆ ಸುಡೋದು ಯಾಕೆ

ಇದು ಇನ್ನೂ ಗೊಂದಲದ ವಿಷ್ಯ. ಒಂದು ಕಡೆ ಚಳಿ ಕಮ್ಮಿ ಅಂತಾರೆ, ಇನ್ನೊಂದು ಕಡೆ ಏಪ್ರಿಲ್‌ನಲ್ಲಿ ಹಿಮ ಬಿದ್ದು ಹೂ ಹೋಯ್ತು ಅಂತಾರೆ. ಮರದ ಲೆಕ್ಕ ಎರಡು ಹಂತದ್ದು. ಮೊದಲು ಚಳಿ ತುಂಬಬೇಕು, ಅದಾದ್ಮೇಲೆ ಬಿಸಿ ತುಂಬಬೇಕು. ಚಳಿ ತುಂಬಿ ಬೀಗ ತೆಗೆದ ಮೇಲೆ ಮರಕ್ಕೆ ಮೊದಲಿನ ಹುಷಾರು ಇರಲ್ಲ, ಬಿಸಿ ಸಿಕ್ಕಷ್ಟು ಬೇಗ ಹೂ ಬಿಟ್ಟುಬಿಡುತ್ತೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್ ಅಂತ ಕಡುಚಳಿ ಇರುತ್ತೆ, ಅಲ್ಲಿ ಮೊದಲನೇ ಹಂತಕ್ಕೆ ಸದ್ಯಕ್ಕೆ ಕೊರತೆ ಇಲ್ಲ. ಆದ್ರೆ ಫೆಬ್ರವರಿ ಮಾರ್ಚ್ ಬೆಚ್ಚಗಾದ್ರೆ ಹೂ ಮುಂಚೆನೇ ಬರುತ್ತೆ, ಏಪ್ರಿಲ್‌ನ ಒಂದು ಚಳಿರಾತ್ರಿ ಮಾತ್ರ ಮೊದಲಿನ ಥರಾನೇ ಬಂದು ಹೋಗುತ್ತೆ. ಅಂದ್ರೆ ಆ ಚಳಿ ಹೊಸದಲ್ಲ, ಅದು ಬರೋ ಹೊತ್ತಿಗೆ ಹೂ ಬಾಯ್ಬಿಟ್ಕೊಂಡು ನಿಂತಿರೋದು ಹೊಸದು.

ಪೂರ್ತಿ ಅರಳಿದ ಸೇಬಿನ ಹೂವಿಗೆ ಮೈನಸ್ 2 ಡಿಗ್ರಿ ಅರ್ಧ ಗಂಟೆ ತಾಗಿದ್ರೆ ಹತ್ತರಲ್ಲಿ ಒಂದು ಹೋಗುತ್ತೆ, ಮೈನಸ್ 4ರ ಹತ್ರ ಹೋದ್ರೆ ಹತ್ತರಲ್ಲಿ ಒಂಬತ್ತು ಹೋಗುತ್ತೆ. ಎರಡು ಡಿಗ್ರಿ ಅಂತರದಲ್ಲಿ ವರ್ಷದ ಬೆಳೆ ಮುಗೀತು. ಇದರಲ್ಲಿ ನೋವಿನ ಸಂಗತಿ ಏನಂದ್ರೆ ಮಾರನೇ ದಿನ ಮರ ನೋಡಿದ್ರೆ ಏನೂ ಆಗಿಲ್ಲ ಅನ್ಸುತ್ತೆ, ದಳಗಳು ಬೆಳ್ಳಗೆ ಗುಲಾಬಿ ಬಣ್ಣದಲ್ಲಿ ಹಾಗೇ ಇರ್ತವೆ. ಹೂವನ್ನ ಕಿತ್ತು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದ್ರೆ ಗೊತ್ತಾಗೋದು, ನಡುವೆ ತಿಳಿಹಸಿರು ಇರ್ಬೇಕಾದ ಶಲಾಕೆ ಕಪ್ಪಾಗಿರುತ್ತೆ. ಸೇಬಿನಲ್ಲಿ ಒಂದು ಗೊಂಚಲಿಗೆ ಐದಾರು ಹೂ, ನಟ್ಟನಡುವಿನದು ಮೊದಲು ಅರಳುತ್ತೆ, ಅದರಿಂದಲೇ ದೊಡ್ಡ ಹಣ್ಣು ಬರೋದು, ಚಳಿಗೆ ಮೊದಲು ಬಲಿಯಾಗೋದೂ ಅದೇ.

2021ರ ಏಪ್ರಿಲ್‌ನಲ್ಲಿ ಫ್ರಾನ್ಸ್‌ನಲ್ಲಿ ಆಗಿದ್ದು ಇದೇನೇ, ಮಾರ್ಚ್ ಕೊನೆಯಲ್ಲಿ ದಾಖಲೆ ಬಿಸಿ, ಒಂದೇ ವಾರದಲ್ಲಿ ಹಿಮಗಾಳಿ, ದ್ರಾಕ್ಷಿ ಮತ್ತೆ ಹಣ್ಣಿನ ತೋಟಗಳು ದೇಶದುದ್ದಕ್ಕೂ ಸುಟ್ಟುಹೋದ್ವು. ನಮ್ಮಲ್ಲಿ 2022ರ ಮಾರ್ಚ್ 1901ರಿಂದ ಈಚಿನ ಅತಿ ಬಿಸಿಯ ಮಾರ್ಚ್ ಆಗಿತ್ತು. ಕಾಶ್ಮೀರಕ್ಕೆ ವರ್ಷದ ಇನ್ನೊಂದು ತುದಿಯಲ್ಲೂ ಪೆಟ್ಟು ಬೀಳ್ತಿದೆ, 2018 ಮತ್ತು 2019ರ ನವೆಂಬರ್ ಮೊದಲ ವಾರದಲ್ಲೇ ಭಾರಿ ಹಿಮ ಬಿತ್ತು, ಮರದಲ್ಲಿ ಇನ್ನೂ ಎಲೆ ಇದ್ದಿದ್ರಿಂದ ಹಸಿ ಹಿಮ ಎಲೆ ಮೇಲೆ ಕೂತು ಭಾರಕ್ಕೆ ರೆಂಬೆ ಸೀಳಿ, ಎಷ್ಟೋ ಮರ ಬುಡದ ತನಕ ಇಬ್ಭಾಗ ಆದ್ವು. ಅಂಥ ಮರ ಮತ್ತೆ ಬೆಳೆಸೋಕೆ ಹತ್ತು ವರ್ಷ ಬೇಕು.

1916ರಲ್ಲಿ ಬಂದ ಒಂದು ಸಸಿ

ಹಿಮಾಚಲ ಯಾಕೆ ಇಷ್ಟೊಂದು ಚಳಿ ಕೇಳೋ ತಳಿಗೇ ಕಟ್ಟುಬಿತ್ತು ಅನ್ನೋದಕ್ಕೆ ಇತಿಹಾಸ ನೋಡ್ಬೇಕು. 1870ರ ಸುಮಾರಿಗೆ ಕುಲ್ಲು ಕಣಿವೆಯ ಬಂದ್ರೋಲ್‌ನಲ್ಲಿ ಕ್ಯಾಪ್ಟನ್ ಲೀ ಅನ್ನೋ ಬ್ರಿಟಿಷ್ ಅಧಿಕಾರಿ ಸೇಬಿನ ತೋಟ ಮಾಡಿದ್ದ, ಆದ್ರೆ ಇಂಗ್ಲೆಂಡಿನ ಆ ಪಿಪ್ಪಿನ್ ತಳಿಗಳು ಹುಳಿ, ನಮ್ಮ ಜನಕ್ಕೆ ಹಿಡಿಸಲಿಲ್ಲ. 1904ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಿಂದ ಬಂದು ಕೋಟ್‌ಗಢದಲ್ಲಿ ನೆಲೆನಿಂತ ಸ್ಯಾಮ್ಯುಯೆಲ್ ಸ್ಟೋಕ್ಸ್, ಮುಂದೆ ಸತ್ಯಾನಂದ ಸ್ಟೋಕ್ಸ್ ಅಂತ ಹೆಸರಾಗಿ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋದವರು, 1916ರಲ್ಲಿ ಅಮೆರಿಕದ ಸ್ಟಾರ್ಕ್ ಬ್ರದರ್ಸ್ ನರ್ಸರಿಯಿಂದ ಡೆಲಿಷಿಯಸ್ ತಳಿಯ ಸಸಿ ತರಿಸಿ ನೆಟ್ರು. ಸಿಹಿ, ಕೆಂಪು, ದೂರ ಸಾಗಿಸಿದ್ರೂ ತಾಳೋ ಹಣ್ಣು. ಬಡ ಬೆಟ್ಟದ ಊರುಗಳು ಒಂದೆರಡು ತಲೆಮಾರಿನಲ್ಲಿ ಅನುಕೂಲಸ್ಥ ಊರುಗಳಾದ್ವು, ಇವತ್ತು ಆ ರಾಜ್ಯದಲ್ಲಿ ಲಕ್ಷ ಹೆಕ್ಟೇರ್‌ಗೂ ಮೇಲೆ ಸೇಬಿದೆ. ಸ್ಟೋಕ್ಸ್ ಮಾಡಿದ್ದು ಆ ಕಾಲದ ಚಳಿಗೆ ಸರಿಯಾದ ಆಯ್ಕೆ, ಅದನ್ನ ಯಾರೂ ತಪ್ಪು ಅನ್ನೋಕಾಗಲ್ಲ.

ಆದ್ರೆ ದೇಶದ ಗಿರಾಕಿಗೆ ಸೇಬು ಅಂದ್ರೆ ಇದೇ ಕೆಂಪು, ಇದೇ ಕೆಳಗೆ ಐದು ಗುಬ್ಬಿ ಇರೋ ಉದ್ದನೆ ಆಕಾರ ಅಂತ ಕೂತುಬಿಡ್ತು. ಮಂಡಿಯಲ್ಲಿ ಬಣ್ಣ ನೋಡೇ ರೇಟು. ಆ ಕೆಂಪು ಬಣ್ಣಕ್ಕೂ ಹವಾಮಾನ ಬೇಕು, ಹಣ್ಣು ಬಲಿಯೋ ಹೊತ್ತಿಗೆ ಹಗಲು ಒಳ್ಳೆ ಬಿಸಿಲು ರಾತ್ರಿ ತಂಪು ಇದ್ರೆ ಸಿಪ್ಪೆಯಲ್ಲಿ ಆಂಥೋಸಯನಿನ್ ಅನ್ನೋ ಬಣ್ಣ ಕಟ್ಟುತ್ತೆ, ರಾತ್ರಿ ಬೆಚ್ಚಗಿದ್ರೆ ಹಣ್ಣು ಸಿಹಿಯಾದ್ರೂ ಸಪ್ಪೆ ಬಣ್ಣಕ್ಕೇ ನಿಲ್ಲುತ್ತೆ. ಹಿಮಾಚಲದ ಎತ್ತರದ, ರಾತ್ರಿ ತಂಪಿರೋ ಕಿನ್ನೌರ್ ಜಿಲ್ಲೆಯ ಸೇಬಿಗೆ ರೇಟು ಜಾಸ್ತಿ ಇರೋದಕ್ಕೆ ಇದೂ ಒಂದು ಕಾರಣ. ಬಣ್ಣದ ಮಾತು ಬಿಡಿ, ರುಚಿನೇ ಬದಲಾಗ್ತಿದೆ: ಜಪಾನಿನ ವಿಜ್ಞಾನಿಗಳು ನಾಗಾನೊ ಮತ್ತು ಆವೊಮೊರಿಯ ತೋಟಗಳ 30-40 ವರ್ಷದ ದಾಖಲೆ ತೆಗೆದು 2013ರಲ್ಲಿ ಪ್ರಕಟಿಸಿದ್ರು, ಹೂ ಬೇಗ ಬರ್ತಿದೆ, ಹಣ್ಣಿನಲ್ಲಿ ಹುಳಿ ಕಮ್ಮಿ ಆಗ್ತಿದೆ, ಗಟ್ಟಿತನ ಕಮ್ಮಿ ಆಗ್ತಿದೆ ಅಂತ.

ಬೆಟ್ಟ ಹತ್ತುತ್ತಿರೋ ತೋಟ

ಸಾವಿರ ಮೀಟರ್ ಮೇಲೆ ಹೋದ್ರೆ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತೆ. ಅಂದ್ರೆ ಒಂದು ಡಿಗ್ರಿ ಬಿಸಿ ಏರಿದ್ರೆ ಮೊದಲಿನ ಚಳಿ ಹುಡ್ಕೊಂಡು ಹೆಚ್ಚುಕಮ್ಮಿ 150 ಮೀಟರ್ ಮೇಲೆ ಹೋಗ್ಬೇಕು. ಕೇಳೋಕೆ ಸಣ್ಣದು, ಬೆಟ್ಟದ ಊರಲ್ಲಿ ಅದು ಒಂದು ಊರಿನ ಕೆಳಗೇರಿಗೂ ಮೇಲ್ಗೇರಿಗೂ ಇರೋ ಅಂತರ.

ಇದು ಕಣ್ಣಿಗೆ ಕಾಣೋ ಹಾಗೆ ನಡೆದಿದೆ. ಕುಲ್ಲುವಿನ ತಗ್ಗಿನಲ್ಲಿ, ಸುಮಾರು 1100 ಮೀಟರ್ ಎತ್ತರದ ಬಜೌರಾ, ಭುಂತರ್ ಸುತ್ತಮುತ್ತ, ಒಂದು ಕಾಲಕ್ಕೆ ಸೇಬಿತ್ತು, ಈಗ ದಾಳಿಂಬೆ, ಪ್ಲಮ್, ಅಲ್ಲಿಯವರು ಜಪಾನಿ ಫಲ ಅನ್ನೋ ಪರ್ಸಿಮನ್, ತರಕಾರಿ. ಅದೇ ಹೊತ್ತಿಗೆ ಮೂರು ಸಾವಿರ ಮೀಟರ್ ಎತ್ತರದ ಲಾಹೌಲ್‌ನಲ್ಲಿ, ಆಲೂಗಡ್ಡೆ ಬಟಾಣಿ ಬೆಳೀತಿದ್ದ ಕಡೆ, ಸೇಬು ಹಾಕ್ತಿದಾರೆ. 2020ರಲ್ಲಿ ಮನಾಲಿಯಿಂದ ಲಾಹೌಲ್‌ಗೆ ಹೋಗೋ ಅಟಲ್ ಸುರಂಗ ಶುರುವಾದ ಮೇಲೆ ಸಾಗಾಟನೂ ಸಲೀಸಾಯ್ತು. ಲಾಹೌಲ್ ರೈತನಿಗೆ ಹವಾಮಾನ ಬದಲಾವಣೆ ಸದ್ಯಕ್ಕೆ ಲಾಭ, ಇದನ್ನ ಹೇಳೋಕೆ ಹಿಂಜರಿಯಬೇಕಾಗಿಲ್ಲ.

ಆದ್ರೆ ಬೆಳೆ ಮೇಲಕ್ಕೆ ಹೋಯ್ತು ಅಂದ ತಕ್ಷಣ ಬೆಳೆಗಾರನೂ ಮೇಲಕ್ಕೆ ಹೋದ ಅಂತಲ್ಲ. ಬಜೌರಾದವನಿಗೆ ಲಾಹೌಲ್‌ನಲ್ಲಿ ಜಮೀನಿಲ್ಲ. ಅವನ ತೋಟದಿಂದ ನೇರ ಮೇಲೆ ನೋಡಿದ್ರೆ ಅಲ್ಲಿರೋದು ಅರಣ್ಯ ಇಲಾಖೆಯ ದೇವದಾರು ಕಾಡು. ಇನ್ನೂ ಮೇಲೆ ಹೋದಂಗೆ ಬೆಟ್ಟ ಕಡಿದಾಗುತ್ತೆ, ಮಣ್ಣಿನ ಪದರ ತೆಳ್ಳಗಾಗುತ್ತೆ, ಬೇಸಿಗೆ ಗಿಡ್ಡ ಆಗುತ್ತೆ. ಲಾಹೌಲ್ ಮಳೆ ನೆರಳಿನ ಒಣ ನೆಲ, ಅಲ್ಲಿಯ ನೀರಾವರಿ ಹಿಮ ಮತ್ತು ನೀರ್ಗಲ್ಲು ಕರಗಿ ಬರೋ ಕಾಲುವೆಗಳನ್ನ ನಂಬಿದೆ, ಬಿಸಿ ಏರಿದಂಗೆ ಆ ಹಿಮಾನೇ ಕಮ್ಮಿ ಆಗ್ತಾ ಹೋದ್ರೆ ಇವತ್ತಿನ ಲಾಭ ಎಷ್ಟು ವರ್ಷ ಅನ್ನೋ ಪ್ರಶ್ನೆ ಇದೆ.

ಎಲ್ಲಾ ಹವಾಮಾನದ ಮೇಲೇ ಹಾಕೋದು ಸರಿನಾ

ಇಲ್ಲಿ ಒಂದು ಗಟ್ಟಿ ಎದುರುವಾದ ಇದೆ, ಅದನ್ನ ತಳ್ಳಿಹಾಕೋಕಾಗಲ್ಲ. ತೋಟಗಾರಿಕೆ ತಜ್ಞರಲ್ಲೇ ಹಲವರು ಹೇಳೋದು ಏನಂದ್ರೆ, ಹಿಮಾಚಲದ ಎಷ್ಟೋ ತೋಟಗಳಲ್ಲಿ ಮರಕ್ಕೇ ವಯಸ್ಸಾಗಿದೆ, 40 ವರ್ಷ ದಾಟಿದೆ, ಬೀಜದ ಬೇರಿನ ಮೇಲೆ ಕಸಿ ಮಾಡಿದ ದೊಡ್ಡ ಮರಗಳು, ಪರಾಗಕ್ಕೆ ಬೇಕಾದ ಬೇರೆ ತಳಿ ಸಾಕಷ್ಟಿಲ್ಲ, ಒಂದೇ ತಳಿ ಬೆಟ್ಟದುದ್ದಕ್ಕೂ ಇರೋದ್ರಿಂದ ರೋಗ ಬಂದ್ರೆ ಎಲ್ಲಾ ಕಡೆ ಒಟ್ಟಿಗೆ ಬರುತ್ತೆ. ಕಜ್ಜಿ ರೋಗ 1973ರಲ್ಲಿ ಕಾಶ್ಮೀರವನ್ನ, 1982-83ರಲ್ಲಿ ಹಿಮಾಚಲವನ್ನ ಅಲ್ಲಾಡಿಸಿದ್ದು ಹಾಗೇನೇ. ನಮ್ಮ ದೇಶದ ಇಳುವರಿ ಹೆಕ್ಟೇರ್‌ಗೆ ಹತ್ತು ಟನ್ ಮುಟ್ಟೋಕೂ ಒದ್ದಾಡೋವಾಗ ಇಟಲಿ, ನ್ಯೂಜಿಲೆಂಡ್ ಅದರ ನಾಲ್ಕೈದು ಪಟ್ಟು ತೆಗೀತವೆ, ಅವರಿಗೂ ಹವಾಮಾನ ಬದಲಾವಣೆ ಇದ್ದೇ ಇದೆಯಲ್ಲ ಅನ್ನೋದು ಇವರ ಪ್ರಶ್ನೆ.

ಅಂಕಿಅಂಶನೂ ಹುಷಾರಾಗಿ ಓದ್ಬೇಕು. ಹಿಮಾಚಲದಲ್ಲಿ 2010-11ರಲ್ಲಿ ಸುಮಾರು 8.9 ಲಕ್ಷ ಟನ್ ಬೆಳೆ ಬಂತು, ಮರುವರ್ಷವೇ 2.7 ಲಕ್ಷ ಟನ್ ಚಿಲ್ಲರೆಗೆ ಕುಸೀತು. ಒಂದೇ ವರ್ಷದಲ್ಲಿ ಹವಾಮಾನ ಅಷ್ಟು ಕೆಡಲಿಲ್ಲ, ಬಂಪರ್ ಫಸಲು ಹೊತ್ತ ಮರ ಮುಂದಿನ ವರ್ಷ ಸುಸ್ತಾಗಿ ಕಮ್ಮಿ ಬಿಡೋದು ಸೇಬಿನ ಗುಣ, ನಮ್ಮ ಮಾವಿನ ಥರಾನೇ. ಉತ್ತರಾಖಂಡದಲ್ಲಿ 2016-17ರಲ್ಲಿ 25 ಸಾವಿರ ಹೆಕ್ಟೇರ್ ಇದ್ದ ಸೇಬು 2022-23ಕ್ಕೆ 11 ಸಾವಿರದ ಆಸುಪಾಸಿಗೆ ಇಳೀತು ಅಂತ ಸರ್ಕಾರಿ ಲೆಕ್ಕ, ಇದನ್ನ ಎಲ್ಲಾ ಕಡೆ ಹವಾಮಾನಕ್ಕೆ ಸಾಕ್ಷಿ ಅಂತ ಹಾಕ್ತಾರೆ, ಆದ್ರೆ ಅಲ್ಲಿ ಬೆಟ್ಟದ ಹಳ್ಳಿಗಳೇ ಖಾಲಿಯಾಗ್ತಿವೆ, ತೋಟ ನೋಡೋಕೆ ಮನೆಯಲ್ಲಿ ಜನ ಇಲ್ಲ ಅನ್ನೋದನ್ನೂ ಸೇರಿಸ್ಕೋಬೇಕು.

ಇಷ್ಟೆಲ್ಲಾ ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತೆ. ಹಳೇ ಮರ, ಒಂದೇ ತಳಿ, ಕೆಟ್ಟ ನಿರ್ವಹಣೆ ಇವೇ ಪೂರ್ತಿ ಕಾರಣ ಆಗಿದ್ರೆ ತಗ್ಗಿನ ತೋಟಕ್ಕೂ ಎತ್ತರದ ತೋಟಕ್ಕೂ ಒಂದೇ ಥರ ಪೆಟ್ಟು ಬೀಳಬೇಕಿತ್ತು. ಬಿದ್ದಿಲ್ಲ. ಕೆಳಗಿನದು ಹೋಗಿದೆ, ಮೇಲಿನದು ಬಂದಿದೆ. ಆ ಗೆರೆ ಎಳೆದಿರೋದು ಚಳಿನೇ. ಆ ಗೆರೆಯ ಹತ್ತಿರ ಇರೋರಲ್ಲಿ ಯಾರು ಮೊದಲು ಬೀಳ್ತಾರೆ ಅನ್ನೋದನ್ನ ಮರದ ವಯಸ್ಸು, ತಳಿ, ನೀರು, ದುಡ್ಡು ತೀರ್ಮಾನ ಮಾಡ್ತಿವೆ.

ಮರಸೇಬಿನ ದಾರಿ ಬೇರೆ

ಪೇರ್ಸ್, ಅಂದ್ರೆ ಮರಸೇಬು, ಬೆಂಗಳೂರು ಕಡೆ ಹಳಬರ ಬಾಯಲ್ಲಿ ಬೇರಿಕಾಯಿ, ಸೇಬಿನ ಹತ್ತಿರದ ಬಂಧು. ಅದಕ್ಕೂ ಚಳಿ ಲೆಕ್ಕ ಇದೆ, ಆದ್ರೆ ತಳಿಯಿಂದ ತಳಿಗೆ ಅಜಗಜಾಂತರ. ಯುರೋಪಿನ ಬಾರ್ಟ್‌ಲೆಟ್ ಥರದ ಮೆತ್ತನೆ ಪೇರ್ಸ್ ರಾಯಲ್ ಸೇಬಿನಷ್ಟೇ ಚಳಿ ಕೇಳ್ತವೆ. ಪೂರ್ವ ಏಷ್ಯಾ ಮೂಲದ ಮರಳುಮರಳಾದ ಗಟ್ಟಿ ಪೇರ್ಸ್‌ಗೆ ಅದರಲ್ಲಿ ಕಾಲುಭಾಗ ಇದ್ರೂ ನಡೆಯುತ್ತೆ. ಅದಕ್ಕೇ ಪಂಜಾಬಿನ ಅಮೃತಸರ, ಗುರುದಾಸಪುರದ ಬಯಲಲ್ಲಿ ಪತ್ಥರ್‌ನಾಖ್ ಅನ್ನೋ ಕಲ್ಲಿನಂಥ ಪೇರ್ಸ್ ತಲೆಮಾರುಗಳಿಂದ ಬೆಳೀತಿದೆ, ಸೇಬು ಬೆಳೆಯಲಿಲ್ಲ. ನೀಲಗಿರಿ, ಕೊಡೈಕೆನಾಲ್ ಕಡೆನೂ ಹಾಗೇ, ಸೇಬು ಹೆಸರಿಗೆ ಮಾತ್ರ, ಬೇರಿಕಾಯಿ ಮಾತ್ರ ಹಿತ್ತಲಲ್ಲೆಲ್ಲಾ ಬಿಡುತ್ತೆ. ನಮ್ಮ ಮಾರ್ಕೆಟ್‌ನಲ್ಲಿ ಉಪ್ಪುಖಾರ ಹಚ್ಚಿ ಮಾರ್ತಾರಲ್ಲ ಆ ಗಟ್ಟಿ ಕಾಯಿ ಈ ಜಾತಿದೇ.

ಮೆತ್ತನೆ ಪೇರ್ಸ್‌ಗೆ ಕೊಯ್ದ ಮೇಲೂ ಚಳಿ ಬೇಕು. ಯುರೋಪಿನ ಪೇರ್ಸ್ ಮರದಲ್ಲೇ ಹಣ್ಣಾಗೋಕೆ ಬಿಟ್ರೆ ನಡುವಿನ ಬೀಜದ ಸುತ್ತ ಮೊದಲು ಕೊಳೀತಾ ಬರುತ್ತೆ, ಅದಕ್ಕೆ ಗಟ್ಟಿ ಇರುವಾಗಲೇ ಕೊಯ್ದು, ತಣ್ಣಗೆ ಇಟ್ಟು, ಆಮೇಲೆ ಹಣ್ಣು ಮಾಡ್ತಾರೆ. ತಿನ್ನೋಕೆ ಸರಿ ಆಯ್ತಾ ಅಂತ ನೋಡೋಕೆ ಹೊಟ್ಟೆ ಒತ್ತಬಾರದು, ತೊಟ್ಟಿನ ಪಕ್ಕ ಕುತ್ತಿಗೆಯಲ್ಲಿ ಮೆಲ್ಲಗೆ ಒತ್ತಬೇಕು, ಅಲ್ಲಿ ಮೆತ್ತಗಾದ್ರೆ ಆಗಿದೆ ಅಂತರ್ಥ. ಇಂಥ ಹಣ್ಣಿಗೆ ತೋಟದಿಂದ ಅಂಗಡಿ ತನಕ ಕೋಲ್ಡ್ ಸ್ಟೋರೇಜ್ ಬೇಕು, ಗಟ್ಟಿ ಪೇರ್ಸ್‌ಗೆ ಬೇಡ. ಆದ್ರೆ ಮೆತ್ತನೆದಕ್ಕೇ ಒಳ್ಳೆ ರೇಟು. ಕಮ್ಮಿ ಚಳಿ ಸಾಕು ಅನ್ನೋ ತಳಿಗಳ ಹಣೆಬರಹ ಹೆಚ್ಚಾಗಿ ಹೀಗೇ, ಬೆಳೆಯೋದು ಸುಲಭ, ಮಾರೋದು ಕಷ್ಟ. ಈಗ ಬಾಗಲಕೋಟೆಗೆ ಬರೋಣ.

ಹಾಗಾದ್ರೆ ನಮ್ಮ ಬಿಸಿಲಲ್ಲಿ ಹೇಗೆ ಬಿಡ್ತು

ಎಲ್ಲಾ ಸೇಬೂ ರಾಯಲ್ ಅಲ್ಲ. ಇಸ್ರೇಲ್‌ನಲ್ಲಿ ಬೆಳೆಸಿದ ಅನ್ನಾ ತಳಿಗೆ ಸುಮಾರು 300 ಗಂಟೆ ಸಾಕು. ಬಹಾಮಾಸ್ ದ್ವೀಪದಲ್ಲಿ ಸಿಕ್ಕ ಡಾರ್ಸೆಟ್ ಗೋಲ್ಡನ್‌ಗೆ ಅಷ್ಟೂ ಬೇಡ. ನಮ್ಮ ದೇಶದ್ದೇ ಆದ ಎಚ್‌ಆರ್‌ಎಂಎನ್-99 ಅನ್ನೋದನ್ನ ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ತಗ್ಗಿನ ಊರು ಪನಿಯಾಲಾದ ರೈತ ಹರಿಮನ್ ಶರ್ಮಾ ರೂಪಿಸಿದ್ರು, ನ್ಯಾಷನಲ್ ಇನ್ನೊವೇಶನ್ ಫೌಂಡೇಶನ್ ಅದನ್ನ ಹಲವು ರಾಜ್ಯಗಳಲ್ಲಿ ನೆಡಿಸಿ ನೋಡ್ತು, 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕರ್ನಾಟಕದ ಹಲವು ಕಡೆ ಸುದ್ದಿಯಾದ ಸೇಬು ಈ ಗುಂಪಿನದೇ.

ಆದ್ರೂ ಒಂದು ಪ್ರಶ್ನೆ ಉಳಿಯುತ್ತೆ. ಬಾಗಲಕೋಟೆಯಲ್ಲಿ 7 ಡಿಗ್ರಿಗೆ ಇಳಿಯೋದೇ ಅಪರೂಪ, 300 ಗಂಟೆ ಎಲ್ಲಿಂದ ಬರ್ಬೇಕು? ಉತ್ತರ ಇಂಡೋನೇಷ್ಯಾದಲ್ಲಿದೆ. ಜಾವಾ ದ್ವೀಪದ ಮಲಾಂಗ್ ಹತ್ತಿರದ ಬಾಟು ಅನ್ನೋ ಊರಲ್ಲಿ, ಭೂಮಧ್ಯ ರೇಖೆಯಿಂದ ಎಂಟು ಡಿಗ್ರಿಯಷ್ಟೇ ದೂರದಲ್ಲಿ, ವರ್ಷಕ್ಕೆ ಎರಡು ಸಲ ಸೇಬು ತೆಗೀತಾರೆ. ಕೊಯ್ಲು ಮುಗಿದು ಕೆಲವೇ ವಾರಕ್ಕೆ ಮರದ ಎಲೆ ಎಲ್ಲಾ ಕೈಯಲ್ಲಿ ಕಿತ್ತು ಹಾಕ್ತಾರೆ. ಮೊಗ್ಗು ಗಾಢ ನಿದ್ದೆಗೆ ಜಾರೋ ಮೊದಲೇ ಅದನ್ನ ಎಬ್ಬಿಸೋ ಉಪಾಯ ಇದು, ನಿದ್ದೆಗೇ ಹೋಗದಿದ್ರೆ ಬೀಗ ತೆಗೆಯೋ ಚಳಿಯ ಅವಶ್ಯಕತೆನೇ ಇಲ್ಲ. ಹಿಂದೆ ಬೆಂಗಳೂರು ಸುತ್ತಮುತ್ತ ರೋಮ್ ಬ್ಯೂಟಿ ಅನ್ನೋ ಸೇಬು ಬೆಳೀತಿದ್ರು, ಅಲ್ಲಿ ಬಾಟುವಿನಲ್ಲೂ ಅದೇ ತಳಿ ಇತ್ತು.

ನಮ್ಮ ಉತ್ತರ ಕರ್ನಾಟಕದ ರೈತರಿಗೆ ಈ ವಿದ್ಯೆ ಹೊಸದೂ ಅಲ್ಲ. ದಾಳಿಂಬೆಗೆ ಬಹಾರ್, ಅಂದ್ರೆ ಒಂದು ಹಂಗಾಮಿನ ಹೂ, ಹಿಡಿಯೋವಾಗ ನೀರು ನಿಲ್ಸಿ, ಎಥ್ರೆಲ್ ಅನ್ನೋ ಔಷಧಿ ಹೊಡೆದು ಎಲೆ ಉದುರಿಸಿ, ಆಮೇಲೆ ನೀರು ಗೊಬ್ಬರ ಕೊಟ್ಟು ಒಟ್ಟಿಗೆ ಹೂ ತರಿಸ್ತಾರೆ. ವಿಜಯಪುರದ ದ್ರಾಕ್ಷಿಯವರು ಅಕ್ಟೋಬರ್ ಚಾಟ್ನಿ, ಅಂದ್ರೆ ಬಳ್ಳಿ ಸವರೋ ಕೆಲಸ, ಆದ ತಕ್ಷಣ ಕಣ್ಣುಗಳಿಗೆ, ಅಂದ್ರೆ ಮೊಗ್ಗುಗಳಿಗೆ, ಹೈಡ್ರೋಜನ್ ಸಯನಮೈಡ್ ಹಚ್ತಾರೆ, ಡಾರ್ಮೆಕ್ಸ್ ಅಂತಲೇ ಬಾಯಲ್ಲಿರೋದು, ಅದು ಚಳಿ ಸಾಲದ ಕಡೆ ಮೊಗ್ಗು ಒಡೆಸೋಕೆ ಜಗತ್ತಿನ ಎಷ್ಟೋ ಸೇಬಿನ ತೋಟಗಳಲ್ಲೂ ಬಳಸೋ ಔಷಧಿನೇ. ಹಾಗಾಗಿ ಬಿಸಿಲ ನಾಡಲ್ಲಿ ಸೇಬು ಬಿಟ್ಟಿದ್ದು ಪವಾಡ ಅಲ್ಲ, ಮೋಸನೂ ಅಲ್ಲ. ಸರಿಯಾದ ತಳಿ, ಕೈಯಲ್ಲಿ ಆಗ್ಲೇ ಇದ್ದ ಕಸುಬು, ಎರಡೂ ಸೇರಿ ಆಗಿದ್ದು.

ಗಿಡದಲ್ಲಿ ಹಣ್ಣು, ಕೈಯಲ್ಲಿ ದುಡ್ಡು

ಗೊಂದಲದ ನಿಜವಾದ ಜಾಗ ಇದು. ‘ಬೆಳೆಯಬಹುದು’ ಅನ್ನೋ ಮಾತಿಗೆ ಎರಡು ಅರ್ಥ ಇದೆ, ಗಿಡ ಹಣ್ಣು ಬಿಡುತ್ತೆ ಅನ್ನೋದು ಒಂದು, ಆ ಹಣ್ಣು ಮಾರಿ ಮನೆ ನಡೆಯುತ್ತೆ ಅನ್ನೋದು ಇನ್ನೊಂದು. ಕುಲ್ಲುವಿನ ತಗ್ಗಿನಲ್ಲಿ ಸೇಬು ಹೋಯ್ತು ಅನ್ನೋ ಸುದ್ದಿ ಎರಡನೇ ಅರ್ಥದ್ದು. ಅಲ್ಲಿ ಇವತ್ತಿಗೂ ಮರ ಒಂದಿಷ್ಟು ಹಣ್ಣು ಬಿಡುತ್ತೆ, ಖರ್ಚು ಹುಟ್ಟಲ್ಲ ಅಷ್ಟೇ. ಬಾಗಲಕೋಟೆಯಲ್ಲಿ ಸೇಬು ಬಂತು ಅನ್ನೋದು ಮೊದಲನೇ ಅರ್ಥದ್ದು.

ಬಯಲಿನ ಸೇಬಿನ ಪರ ಇರೋರು ಹೇಳೋದ್ರಲ್ಲಿ ಹುರುಳಿದೆ: ಬಯಲಲ್ಲಿ ಇದು ಸಾಮಾನ್ಯವಾಗಿ ಜೂನ್ ಸುಮಾರಿಗೆ ಕೊಯ್ಲಿಗೆ ಬರುತ್ತೆ, ಆಗ ಮಾರ್ಕೆಟ್‌ನಲ್ಲಿ ಹಿಮಾಲಯದ ತಾಜಾ ಹಣ್ಣು ಇರಲ್ಲ, ಸ್ಟೋರೇಜ್‌ದು ಅಥವಾ ಹೊರದೇಶದ್ದು ಇರುತ್ತೆ, ಊರ ಹತ್ತಿರವೇ ಮಾರಿದ್ರೆ ಸಾಗಾಟ ಖರ್ಚಿಲ್ಲ. ಎದುರು ಕಡೆಯ ಲೆಕ್ಕನೂ ನೋಡಿ. ರಾತ್ರಿ ಬೆಚ್ಚಗಿರೋದ್ರಿಂದ ಬಣ್ಣ ಹಳದಿ ಮಿಶ್ರಿತ ತೆಳು ಕೆಂಪಿಗೆ ನಿಲ್ಲುತ್ತೆ. ಏಪ್ರಿಲ್ ಮೇ ಬಿಸಿಲಿಗೆ ಹಣ್ಣಿನ ಮೈ ಗಾಳಿಗಿಂತ ಹತ್ತು ಡಿಗ್ರಿ ಜಾಸ್ತಿ ಕಾಯುತ್ತೆ, 46 ಡಿಗ್ರಿ ದಾಟಿತೋ ಬಿಸಿಲು ಬಿದ್ದ ಕಡೆ ಕಂದು ಕಲೆ. ಕಾಶ್ಮೀರದ ಹಣ್ಣನ್ನ ಆಮ್ಲಜನಕ ಕಮ್ಮಿ ಮಾಡಿದ ಸಿಎ ಸ್ಟೋರ್‌ನಲ್ಲಿ ಎಂಟು ಹತ್ತು ತಿಂಗಳು ಇಟ್ಟು ರೇಟು ಬಂದಾಗ ಮಾರ್ತಾರೆ, ಅನ್ನಾ ಥರದ ಹಣ್ಣು ಕೋಲ್ಡ್ ಸ್ಟೋರೇಜ್‌ನಲ್ಲೇ ಎರಡು ತಿಂಗಳಿಗೆ ಹಿಟ್ಟುಹಿಟ್ಟಾಗುತ್ತೆ, ಹೊರಗೆ ಇನ್ನೂ ಬೇಗ. ಅಂದ್ರೆ ಕೊಯ್ದ ವಾರದಲ್ಲೇ ಸಿಕ್ಕಿದ ರೇಟಿಗೆ ಕೊಡಬೇಕು. ಇವತ್ತು ತಾಲೂಕಿಗೆ ಒಬ್ಬ ಬೆಳೆದಿರೋದ್ರಿಂದ ಜನ ತೋಟಕ್ಕೇ ಬಂದು ಕೊಂಡ್ಕೋತಾರೆ, ನೂರು ಜನ ಬೆಳೆದು ಎಪಿಎಂಸಿಗೆ ತಂದ ದಿನ ಅದೇ ಹಣ್ಣು ಕಾಶ್ಮೀರದ್ದರ ಪಕ್ಕ ಕೂತು ರೇಟು ಕೇಳ್ಬೇಕು. ಹತ್ತು ಗಿಡ ಹಾಕಿ ಮೂರು ನಾಲ್ಕು ವರ್ಷ ನೋಡೋದ್ರಲ್ಲಿ ಕಳ್ಕೊಳ್ಳೋದೇನಿಲ್ಲ. ದಾಳಿಂಬೆಯಲ್ಲಿ ದುಂಡಾಣು ರೋಗಕ್ಕೆ ಸೋತಿರೋ ರೈತ ಮತ್ತೆ ಸಾಲ ಮಾಡಿ ಐದು ಎಕರೆ ಸೇಬು ಹಾಕೋದನ್ನ ಮಾತ್ರ ಒಪ್ಪೋಕಾಗಲ್ಲ, ಸಸಿ ಮಾರೋರು ಏನೇ ಹೇಳ್ಲಿ.

ಮುಂದೆ ಏನಾಗಬಹುದು

ದೇಶದ ಸೇಬಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಜಮ್ಮು ಕಾಶ್ಮೀರದ್ದು, ಈ ಪಾಲು ಇನ್ನೂ ಹೆಚ್ಚಾಗೋ ಸಾಧ್ಯತೆನೇ ಜಾಸ್ತಿ, ಯಾಕಂದ್ರೆ ಚಳಿ ಮಿಕ್ಕಿರೋದು ಅಲ್ಲಿ. ಒಂದೇ ಕಡೆ ಎಲ್ಲಾ ಬೆಳೆದ್ರೆ ಆಗೋ ತೊಂದ್ರೆ 2025ರಲ್ಲಿ ಕಂಡ್ವಿ, ಆಗಸ್ಟ್ ಸೆಪ್ಟೆಂಬರ್ ಮಳೆಗೆ ಜಮ್ಮು ಶ್ರೀನಗರ ಹೆದ್ದಾರಿ ಕುಸಿದು ಕೊಯ್ಲಿನ ಹೊತ್ತಲ್ಲಿ ಸಾವಿರಾರು ಟ್ರಕ್ ದಿನಗಟ್ಟಲೆ ನಿಂತು ಹಣ್ಣು ಅಲ್ಲೇ ಕೊಳೀತು, ಕೊನೆಗೆ ಬುಡ್ಗಾಮ್‌ನಿಂದ ದಿಲ್ಲಿಗೆ ರೈಲು ಬಿಟ್ರು. ಮಧ್ಯ ಎತ್ತರದ ಹಿಮಾಚಲದವರು ಒಂದು ವರ್ಷ ಬೆಳೆ ತಪ್ಪಿದ್ರೆ ಆ ಜಾಗ ತುಂಬೋಕೆ ಹೊರದೇಶದ ಸೇಬು ಕಾದಿರುತ್ತೆ, ಆಮದು ಸುಂಕ, 2023ರಲ್ಲಿ ತಂದ ಕಿಲೋಗೆ ಕನಿಷ್ಠ 50 ರೂಪಾಯಿ ಆಮದು ಬೆಲೆ ಇವೆಲ್ಲ ಬೆಳೆಗಾರರು ಅದಕ್ಕೇ ಗಟ್ಟಿಯಾಗಿ ಹಿಡ್ಕೊಂಡಿರೋದು.

ಹಿಮಾಚಲದಲ್ಲಿ ಕೈಯಲ್ಲಿ ಒಂದಿಷ್ಟು ಬಂಡವಾಳ ಇರೋರು ಎಂ-9 ಥರದ ಗಿಡ್ಡ ರೂಟ್‌ಸ್ಟಾಕ್ (ಕಸಿಗೆ ಬಳಸೋ ಬೇರಿನ ಗಿಡ) ಮೇಲೆ ಒತ್ತೊತ್ತಾಗಿ ಗಾಲಾ ಅನ್ನೋ ತಳಿ ಹಾಕ್ತಿದಾರೆ. ಅದಕ್ಕೆ ರಾಯಲ್‌ಗಿಂತ ಕಮ್ಮಿ ಚಳಿ ಸಾಕು, ಆಗಸ್ಟ್ ಶುರುವಿಗೇ ಹಣ್ಣಾಗಿ ಕಾಶ್ಮೀರದ ಮಾಲು ಬರೋ ಮೊದಲೇ ಮಂಡಿಗೆ ಹೋಗುತ್ತೆ, ಎರಡು ಮೂರು ವರ್ಷಕ್ಕೆ ಫಸಲು. ಆದ್ರೆ ಕಂಬ, ತಂತಿ, ಡ್ರಿಪ್, ಆಲಿಕಲ್ಲು ತಡೆಯೋ ಬಲೆ ಎಲ್ಲಾ ಸೇರಿ ಖರ್ಚು ಭಾರಿ, ಅಲ್ಲಿಯ ಹೆಚ್ಚಿನ ಬೆಳೆಗಾರರು ಒಂದೆರಡು ಎಕರೆಯವರು. ಅವರು ಹಿಡಿದಿರೋ ದಾರಿ ಬೇರೆ. ಜನವರಿಯಲ್ಲಿ ಗಾಲಾ ಮರದ ನಿದ್ದೆಯಲ್ಲಿರೋ ಕಡ್ಡಿ ತಂದು ತಂಪಲ್ಲಿ ಹೂತಿಟ್ಕೋತಾರೆ, ಫೆಬ್ರವರಿ ಮಾರ್ಚ್‌ನಲ್ಲಿ ರಸ ಏರೋ ಹೊತ್ತಿಗೆ ಅಪ್ಪನ ಕಾಲದ ರಾಯಲ್ ಮರದ ರೆಂಬೆಗಳನ್ನ ಗರಗಸದಲ್ಲಿ ತೆಗೆದು, ಆ ಮೋಟಿನ ಸಿಪ್ಪೆ ಬಿಡಿಸಿ ಮೂರು ನಾಲ್ಕು ಕಡ್ಡಿ ಸೇರಿಸಿ, ಬಿಗಿಯಾಗಿ ಟೇಪ್ ಸುತ್ತಿ, ಕಡಿದ ಬಾಯಿಗೆ ಮೇಣ ಹಚ್ತಾರೆ. ಹಳೇ ಬೇರು ಹಾಗೇ, ಮೇಲಿನ ಮರ ಹೊಸದು. ಎಲ್ಲಾ ಮರಕ್ಕೂ ಒಟ್ಟಿಗೆ ಮಾಡಿದ್ರೆ ಎರಡು ಮೂರು ವರ್ಷ ಮನೆಗೆ ವರಮಾನ ಇರಲ್ಲ, ಅದಕ್ಕೇ ವರ್ಷಕ್ಕೆ ಒಂದೊಂದು ಸಾಲು.